ಒಡೆದ ಜಾಡಿಯ ಅರಳಿಮರ

ಯಾರ ಮನೆಗೆ ಹೋದರೂ ನನ್ನ ಬಲಗೈಯ ತೋರುಬೆರಳು ಸುಮ್ಮನಿರುವುದಿಲ್ಲ. ಮನೆಯವರು ಕಾಫಿ ತರಲು ಒಳಗೆ ಹೋಗಿರುತ್ತಾರೆ, ನಾನು ವರಾಂಡದ ಕುಂಡದ ಮಣ್ಣಿಗೆ ಬೆರಳು ತೂರಿಸಿಕೊಂಡು ನಿಂತಿರುತ್ತೇನೆ. ಎರಡನೇ ಗೆಣ್ಣಿನವರೆಗೂ ಹೋಗಬೇಕು. ಮೇಲೆ ಒಣಗಿದ್ದು ಒಳಗೆ ತಣ್ಣಗೆ ತಗುಲಿದರೆ ನೀರು ಬೇಡ, ಒಳಗೂ ಬೆಚ್ಚಗಿದ್ದರೆ ಬೇಕು. ಹೋದ ತಿಂಗಳು ಒಂದು ಸೀಮಂತದ ಮನೆಯಲ್ಲಿ ಹೀಗೇ ಬೆರಳು ತೂರಿಸಿದೆ ನೋಡಿ, ಅದು ಪ್ಲಾಸ್ಟಿಕ್ ಗಿಡ, ಬೆರಳಿಗೆ ಸಿಕ್ಕಿದ್ದು ಥರ್ಮಾಕೋಲು. ಆ ಮನೆಯ ಹುಡುಗಿ ನೋಡಿಬಿಟ್ಟಳು. "ಆಂಟಿ, ಏನಾದ್ರೂ ಬಿತ್ತಾ?" ಅಂದಳು. ಉಂಗುರ ಬಿತ್ತಮ್ಮ ಎಂದು ಸುಳ್ಳು ಹೇಳಿದೆ. ಪಾಪ, ಆ ಹುಡುಗಿ ಹತ್ತು ನಿಮಿಷ ಸೋಫಾದ ಕೆಳಗೆಲ್ಲ ಬಗ್ಗಿ ಹುಡುಕಿದಳು.

ಈ ಚಾಳಿ ನನಗೆ ಅಂಟಿಕೊಂಡದ್ದು ಚಾಮರಾಜಪೇಟೆಯ ಮನೆಯಲ್ಲಿ, ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ನನಗೆ ಮೂವತ್ತು. ಬಸವನಗುಡಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಟೀಚರು. ನಮ್ಮವರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಮೂರನೆಯವರು ನಮ್ಮತ್ತೆ. ನಾಲ್ಕನೆಯವರು ಇರಲಿಲ್ಲ. ಮಕ್ಕಳಾಗಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿ ಮುಗಿಸಿಬಿಡುತ್ತೇನೆ, ಆಮೇಲೆ ನೀವು ಕೇಳುವುದೂ ನಾನು ವಿವರಿಸುವುದೂ ಬೇಡ. ವಿವರಿಸಿ ವಿವರಿಸಿ ಆ ಕಾಲದಲ್ಲೇ ಬಾಯಿ ಸೋತಿದೆ.

ಅತ್ತೆ ಮಾತ್ರ ಬಿಟ್ಟವರಲ್ಲ. ನಮ್ಮ ರಸ್ತೆಯ ತುದಿಯಲ್ಲಿ ಒಂದು ಅರಳಿಕಟ್ಟೆ ಇತ್ತು. ಬೆಳಗ್ಗೆ ಮಡಿಯುಟ್ಟು ಅಲ್ಲಿಗೆ ಹೋಗಿ ಅಶ್ವತ್ಥನಾರಾಯಣನಿಗೆ ನೂರೆಂಟು ಪ್ರದಕ್ಷಿಣೆ ಹಾಕಿ ಬರುತ್ತಿದ್ದರು. ಯಾತಕ್ಕೆ ಎಂದು ನಮ್ಮ ಬೀದಿಗೆಲ್ಲ ಗೊತ್ತಿತ್ತು. "ನಿಮ್ಮತ್ತೆ ನಿಮಗೋಸ್ಕರ ಎಷ್ಟು ಸುತ್ತುತಾರಮ್ಮ" ಎಂದು ಹಾಲಿನವಳು ಕೂಡ ಹೇಳುತ್ತಿದ್ದಳು. ಆ ನೂರೆಂಟು ಸುತ್ತಿನಲ್ಲಿ ಒಂದೊಂದೂ ನನ್ನ ತಲೆಯ ಮೇಲೆ ಕುಟ್ಟಿದ ಹಾಗಿರುತ್ತಿತ್ತು.

ಹೀಗಿರುವಾಗ ನಮ್ಮ ತಾರಸಿಯ ಮೋಟುಗೋಡೆಯ ಬಿರುಕಿನಲ್ಲಿ ಒಂದು ಅರಳಿ ಸಸಿ ಹುಟ್ಟಿತು. ಗಾರೆ ಕೆಲಸದವನನ್ನು ಕರೆಸಿದೆವು. ಅವನು ಕೆಳಗಿನಿಂದ ನೋಡಿದ, ಮೇಲಿನಿಂದ ನೋಡಿದ. "ಗೋಡೆ ಸೀಳ್ತದೆ ಅಮ್ಮಾವ್ರೆ, ಗ್ಯಾರಂಟಿ ಸೀಳ್ತದೆ. ಆದ್ರೆ ನಾನ್ ಕೀಳಕಿಲ್ಲ. ನಂಗೂ ಹೆಂಡ್ರು ಮಕ್ಕಳವ್ರೆ" ಎಂದು ಕೈ ಮುಗಿದು ಹೋದ. ಅತ್ತೆ ಕೀಳಬೇಡ ಎಂದರು, ನಮ್ಮವರು ಗೋಡೆಯನ್ನೂ ಅತ್ತೆಯನ್ನೂ ನೋಡಿ ಪೇಪರ್ ಓದಲು ಕೂತರು. ಒಂದು ಸಂಜೆ ನಾನೇ ಹತ್ತಿ ಕಿತ್ತುಬಿಟ್ಟೆ. ವಿಜ್ಞಾನದ ಟೀಚರಲ್ಲವೇ, ಧೈರ್ಯ ಜಾಸ್ತಿ. ಕಿತ್ತ ಮೇಲೆ ಬಿಸಾಡಲು ಮಾತ್ರ ಕೈ ಬರಲಿಲ್ಲ.

ಅದೇ ವಾರ ನನ್ನ ಕೈಯಿಂದಲೇ ದೊಡ್ಡ ಉಪ್ಪಿನಕಾಯಿ ಜಾಡಿ ಬಿದ್ದು ಒಡೆದಿತ್ತು. ತಳದ ನಾಲ್ಕು ಬೆರಳು ಎತ್ತರ ಮಾತ್ರ ನೆಟ್ಟಗೆ ಉಳಿದಿತ್ತು. ಸಸಿಯನ್ನು ಅದರಲ್ಲಿ ನೆಟ್ಟೆ. ಬೋನ್ಸಾಯ್ ಮಾಡಬೇಕೆಂಬ ಆಸೆಯೇನೂ ಇರಲಿಲ್ಲ. ಎರಡು ಅಪರಾಧಗಳನ್ನು ಒಂದೇ ಕಡೆ ಅಡಗಿಸಿಟ್ಟಿದ್ದೆ, ಅಷ್ಟೇ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡಾಗ ಡ್ರಾಯಿಂಗ್ ಟೀಚರು, "ಜಪಾನಿನವರು ಹೀಗೇ ಮಾಡ್ತಾರಂತೆ ಕಣ್ರಿ, ತ್ಯಾಗರಾಜನಗರದಲ್ಲಿ ಒಬ್ಬರು ಹೇಳಿಕೊಡ್ತಾರೆ" ಎಂದರು.

ಆ ಒಬ್ಬರು ಶ್ಯಾಮರಾಯರು. ರೈಲ್ವೆಯಲ್ಲಿದ್ದು ರಿಟೈರ್ ಆದವರು. ಮನೆಯ ಹಿಂದೆ ಹಲಗೆಗಳ ಮೇಲೆ ಸಾಲಾಗಿ ಗೇಣುದ್ದದ ಆಲ, ಹುಣಿಸೆ, ಗೋಣಿ ಮರಗಳು. ನಾನು ಚೀಲದಿಂದ ಜಾಡಿಯ ತಳ ತೆಗೆದು ಮುಂದಿಟ್ಟೆ. ಅವರು ಗಿಡವನ್ನು ನೋಡಲೇ ಇಲ್ಲ, ನನ್ನನ್ನು ನೋಡಿದರು.

"ಎಷ್ಟು ಟೈಮ್ ಇದೆಯಮ್ಮ ನಿಮ್ಮ ಹತ್ರ?"

"ಭಾನುವಾರ ಒಂದು ಗಂಟೆ ಸಿಗುತ್ತೆ ಸಾರ್."

"ಗಂಟೆ ಕೇಳಲಿಲ್ಲ. ವರ್ಷ ಕೇಳಿದೆ."

ಅವರೇ ಹೇಳಿದರು, "ಹನ್ನೆರಡು ವರ್ಷ ಇಟ್ಕೊಳ್ಳಿ. ಅಲ್ಲೀವರೆಗೂ ಇದು ಕುಂಡದಲ್ಲಿರೋ ಕಡ್ಡಿ. ಆಮೇಲೆ ಬೇಕಾದ್ರೆ ಮರ ಅನ್ನಿ." ಹೇಳಿ ಎದ್ದು ಹೋಗಿ ಒಂದು ಕೈ ಡ್ರಿಲ್ ತಂದು ನನ್ನ ಜಾಡಿಯ ತಳಕ್ಕೆ ಎರಡು ತೂತು ಕೊರೆದು ಕೊಟ್ಟರು.

ಮನೆಯಲ್ಲಿ ನಿಜವಾದ ರಾಮಾಯಣ ಶುರುವಾದದ್ದು ಬೇರು ಕತ್ತರಿಸುವ ಕಾಲ ಬಂದಾಗ. ಗಿಡವನ್ನು ಮಣ್ಣಿನಿಂದ ಎತ್ತಿ, ಬೇರಿನ ಮೂರನೇ ಒಂದು ಭಾಗ ಕತ್ತರಿಸಿ, ಹೊಸ ಮಣ್ಣಿಗೆ ಹಾಕಬೇಕು. ಕತ್ತರಿ ನೋಡಿದ್ದೇ ಅತ್ತೆ ಎದೆ ಹಿಡಿದುಕೊಂಡರು. "ಅಶ್ವತ್ಥನ ಬೇರಿಗೆ ಕತ್ತರಿ ಹಾಕ್ತೀಯೇನೇ? ನಾನು ಅಲ್ಲಿ ದಿನಾ ಸುತ್ತಿ ಬರೋದು, ನೀನು ಇಲ್ಲಿ ಕತ್ತರಿಸೋದು! ಇನ್ನು ಈ ಮನೇಲಿ ತೊಟ್ಟಿಲು ತೂಗಿದ ಹಾಗೇ!" ಎಂದರು. ಎರಡು ದಿನ ಮಾತಿಲ್ಲ. ಮೂರನೇ ದಿನ ನಮ್ಮವರು ಮಧ್ಯಸ್ಥಿಕೆ ವಹಿಸಿ ಒಂದು ಒಪ್ಪಂದ ಮಾಡಿಸಿದರು. ಅಶ್ವತ್ಥವನ್ನು ಶನಿವಾರ ಮಾತ್ರ ಮುಟ್ಟಬಹುದು, ಬೇರೆ ದಿನ ಮುಟ್ಟಬಾರದು ಎಂಬ ಶಾಸ್ತ್ರ ನಿಮಗೂ ಗೊತ್ತಿರಬಹುದು. ಹಾಗಾಗಿ ಕತ್ತರಿ, ಕೊಂಬೆಗೆ ಸುತ್ತಿ ಬಗ್ಗಿಸುವ ತಂತಿ, ಬೇರು, ಎಲೆ, ಎಲ್ಲ ಕೆಲಸವೂ ಶನಿವಾರ. ಮಿಕ್ಕ ದಿನ ನೀರು ಮಾತ್ರ. ಮಣ್ಣಿಗೆ ಬೆರಳು ತೂರಿಸುವುದು ಮುಟ್ಟಿದ ಲೆಕ್ಕವೋ ಅಲ್ಲವೋ ಎಂದು ಅರ್ಧ ಗಂಟೆ ಚರ್ಚೆಯಾಗಿ, ಅಲ್ಲ ಎಂದು ತೀರ್ಮಾನವಾಯಿತು. ಶಾಲೆಯಲ್ಲಿ ಮಕ್ಕಳಿಗೆ ದ್ಯುತಿಸಂಶ್ಲೇಷಣೆ ಪಾಠ ಮಾಡಿ ಬರುತ್ತಿದ್ದ ನಾನು ಹನ್ನೆರಡು ವರ್ಷ ಇದನ್ನು ಪಾಲಿಸಿದೆ. ಶ್ಯಾಮರಾಯರಿಗೆ ಇದು ಬಹಳ ಖುಷಿ ಕೊಟ್ಟಿತು. "ಒಳ್ಳೇದೇ ಆಯ್ತು ಬಿಡಿ. ಹೊಸಬರು ಗಿಡ ಸಾಯಿಸೋದೇ ದಿನಾ ಮುಟ್ಟಿ ಮುಟ್ಟಿ. ನಿಮ್ಮತ್ತೇನ ನನ್ನ ಕ್ಲಾಸಿಗೆ ಕಳಿಸಿ" ಎಂದರು.

ಈಗ ಯಾರಾದರೂ ಹುಡುಗಿಯರು, ಅಷ್ಟು ವರ್ಷ ಹೇಗೆ ಆಸಕ್ತಿ ಉಳಿಸಿಕೊಂಡಿರಿ ಎಂದು ಕೇಳುತ್ತಾರೆ. ಉಳಿಸಿಕೊಂಡೆ ಎಂದು ಯಾರು ಹೇಳಿದರು? ಮೊದಲ ವರ್ಷ ಹುರುಪು. ಗಿಡದ ಮುಂದೆ ಸ್ಕೇಲು ಹಿಡಿದು ಕೂತು ನೋಟ್‌ಬುಕ್ಕಿನಲ್ಲಿ ಬರೆದೆ. ಮಾಮೂಲ್‌ಪೇಟೆಗೆ ಹೋಗಿ ಅಂಗಡಿ ಅಂಗಡಿ ಸುತ್ತಿ ತಾಮ್ರದ ತಂತಿ ತಂದೆ. ತರಗುಪೇಟೆಯಿಂದ ಅತ್ತೆ ತರಿಸಿದ್ದ ಹೊಸ ಬೇಳೆ ಜರಡಿಯಲ್ಲಿ, ಮಣ್ಣಿಗೆ ಬೆರೆಸಲೆಂದು ಇಟ್ಟಿಗೆ ಪುಡಿ ಜರಡಿ ಹಿಡಿದೆ, ಬೈಸಿಕೊಂಡೆ. ಎರಡನೇ ವರ್ಷ ಒಂದು ದಾಳಿಂಬೆ, ಒಂದು ಹುಣಿಸೆ, ಎರಡು ಬೋಗನ್‌ವಿಲ್ಲಾ ಸೇರಿಸಿದೆ, ನಾಲ್ಕೂ ಸತ್ತವು. ಮೂರನೇ ವರ್ಷಕ್ಕೆ ನೋಟ್‌ಬುಕ್ಕಿನಲ್ಲಿ ಬರೆಯಲು ಏನೂ ಇರಲಿಲ್ಲ. ಬೇರೆ ಗಿಡವಾದರೆ ಹೂ ಬಿಡುತ್ತದೆ, ಕಾಯಿ ಬಿಡುತ್ತದೆ. ಇದು ಬೆಳೆಯದಿರುವುದೇ ನನ್ನ ಸಾಧನೆ. ಮನೆಗೆ ಬಂದವರೆಲ್ಲ, "ಇನ್ನೂ ಅಷ್ಟೇ ಇದೆಯಲ್ರಿ?" ಎಂದರೆ ಹೌದು ಎಂದು ಹೆಮ್ಮೆಪಡಬೇಕೋ ನಾಚಿಕೆಪಡಬೇಕೋ ತಿಳಿಯುತ್ತಿರಲಿಲ್ಲ. ಅವರು ಹಾಗೆ ಹೇಳಿ ನನ್ನ ಹೊಟ್ಟೆಯ ಕಡೆಯೂ ಒಮ್ಮೆ ನೋಡುತ್ತಿದ್ದರು.

ಊರಿಗೆ ಹೋಗುವ ಹಾಗಿಲ್ಲ. ಬೇಸಿಗೆಯಲ್ಲಿ ಆ ನಾಲ್ಕು ಬೆರಳು ಮಣ್ಣು ಒಂದು ಮಧ್ಯಾಹ್ನಕ್ಕೆ ಒಣಗುತ್ತದೆ. ನಾದಿನಿಯ ಮಗನ ಮುಂಜಿಗೆ ತುಮಕೂರಿಗೆ ಹೋದಾಗ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಕಂಡಕ್ಟರು, "ಇದಕ್ಕೆ ಹಾಫ್ ಟಿಕೆಟ್ಟಾ ಮೇಡಂ?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಬೇಸಿಗೆಗಳಲ್ಲಿ ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಹಾಕುತ್ತಿದ್ದೆ. ಬೆಳಗ್ಗೆ ಒಂದು ಸಲ, ಶಾಲೆಯಿಂದ ಬಂದು ಒಂದು ಸಲ ತಾರಸಿ ಹತ್ತಬೇಕು. ಮೊಣಕಾಲು ನೋವು ಬಂದದ್ದು ಆ ಮೆಟ್ಟಿಲಿನಿಂದಲೇ ಎಂದು ನನ್ನ ನಂಬಿಕೆ.

ಆರನೇ ವರ್ಷವೋ ಏಳನೇ ವರ್ಷವೋ, ಒಂದು ಸಂಜೆ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತು. ಜಾಡಿಯನ್ನು ಬುಟ್ಟಿಯಲ್ಲಿಟ್ಟು ಸೆರಗು ಮುಚ್ಚಿಕೊಂಡು ಅರಳಿಕಟ್ಟೆಗೆ ಹೋದೆ. ನಮ್ಮಲ್ಲಿ ಒಡೆದ ದೇವರ ಪಟ, ಮುಕ್ಕಾದ ವಿಗ್ರಹ, ಹಳೇ ಪಂಚಾಂಗ, ಎಲ್ಲವನ್ನೂ ತಂದು ಆ ಕಟ್ಟೆಯ ಬುಡದಲ್ಲಿ ಇಟ್ಟುಹೋಗುತ್ತಾರಲ್ಲ, ಅವುಗಳ ಮಧ್ಯೆ ಇದನ್ನೂ ಇಟ್ಟೆ. ದೊಡ್ಡಮರದ ಹತ್ತಿರ ಚಿಕ್ಕಮರ, ಪಾಪವೂ ಇಲ್ಲ, ಕೆಲಸವೂ ಇಲ್ಲ. ನಾಲ್ಕು ಹೆಜ್ಜೆ ಬಂದಿರಲಿಲ್ಲ, ಹೂ ಮಾರುವವಳು ಕೂಗಿದಳು. "ಏಯ್ ಟೀಚರಮ್ಮ! ದೇವ್ರನ್ನ ಇಡಿ ಬೇಕಾದ್ರೆ, ಕುಂಡ ಗಿಂಡ ಎಲ್ಲ ತಂದು ಕಸ ಹಾಕ್ಬೇಡಿ ಇಲ್ಲಿ!" ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಬುಟ್ಟಿಗೆ ಹಾಕಿಕೊಂಡು ವಾಪಸ್ ತಂದೆ. ನನ್ನ ಹವ್ಯಾಸ ಅಷ್ಟು ವರ್ಷ ಉಳಿದದ್ದಕ್ಕೆ ಕಾರಣ ಕೇಳಿದರೆ ಅದರಲ್ಲಿ ಆ ಹೂವಮ್ಮನ ಪಾಲೂ ಇದೆ.

ಹೀಗೆ ಹತ್ತಿ ಇಳಿದು ಹತ್ತಿ ಇಳಿದು ಹನ್ನೆರಡನೇ ವರ್ಷ ಬಂತು. ಕಾಂಡ ನನ್ನ ಮುಂಗೈಯಷ್ಟು ದಪ್ಪವಾಗಿ ಬೇರುಗಳು ಜಾಡಿಯ ಅಂಚನ್ನು ಹಿಡಿದುಕೊಂಡಿದ್ದವು. ಎಲೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ತುದಿಯ ಬಾಲ ಸಮೇತ. ಗಾಳಿ ಬೀಸಿದರೆ ದೊಡ್ಡಮರದ ಎಲೆಯಂತೆಯೇ ಅಲುಗುತ್ತಿತ್ತು. ಶ್ಯಾಮರಾಯರು ಒಂದು ಭಾನುವಾರ ಅದರ ಸುತ್ತ ಮೂರು ಸಲ ಕುರ್ಚಿ ಎಳೆದುಕೊಂಡು ಕೂತು ನೋಡಿದರು. "ಜನವರಿಗೆ ಲಾಲ್‌ಬಾಗಿನ ಪ್ರದರ್ಶನಕ್ಕೆ ಕೊಡೋಣ ಕಣಮ್ಮ. ಮರ ಆಗಿದೆ" ಎಂದರು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣು ತುಂಬಿತು. ಯಾರೋ ಒಬ್ಬರು, ಏನೋ ಒಂದನ್ನು, ಆಯಿತು ಎಂದರಲ್ಲ.

ಆದರೆ ಆ ವರ್ಷವೇ ಜೂನ್ ತಿಂಗಳಲ್ಲಿ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ, ಮೂರು ತಿಂಗಳು ಹಾಸಿಗೆಯಾಗಿ, ಕೊನೆಗೆ ಡಾಕ್ಟರು ಕೋಲು ಕೊಟ್ಟು ನಡೆಸಿ ಎಂದರು. "ದಿನಾ ನಡೀಲೇಬೇಕು. ಇಲ್ದಿದ್ರೆ ಕೀಲು ಹಿಡ್ಕೊಂಡು ಶಾಶ್ವತವಾಗಿ ಕೂತುಬಿಡ್ತಾರೆ" ಎಂದು ನನಗೇ ಹೇಳಿದರು. ಅತ್ತೆ ಏಳರು. ಮೂರು ಹೆಜ್ಜೆಗೆ, "ಆಗಲ್ಲ ಕಣೆ, ಬಿಟ್ಬಿಡು" ಎಂದು ಕೂತುಬಿಡುವರು. ನಾನು ಐದಕ್ಕೆ ಎದ್ದು ಅಡುಗೆ ಮಾಡಿ, ಅವರನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಸೀರೆ ಉಡಿಸಿ, ಶಾಲೆಗೆ ಓಡಿ, ಬಂದು ಮತ್ತೆ ಅದೇ. ಸ್ನಾನ ಮಾಡಿಸುವಾಗ ಅವರು ಕಣ್ಣು ಮುಚ್ಚಿಕೊಂಡಿರುತ್ತಿದ್ದರು. ನಾನೂ ಗೋಡೆ ನೋಡುತ್ತಿದ್ದೆ. ಮಡಿ ಮಡಿ ಎಂದು ನನ್ನನ್ನು ಹತ್ತಿರ ಬರಗೊಡದಿದ್ದ ಹೆಂಗಸು ಅವರು.

ದಿನಕ್ಕೆರಡು ಸಲ ತಾರಸಿ ಹತ್ತಲು ನನಗೆ ಶಕ್ತಿ ಉಳಿದಿರಲಿಲ್ಲ. ಗಿಡವನ್ನು ಕೆಳಗೆ ತಂದು ಹಿಂದಿನ ಅಂಗಳದಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಸ್ಟೂಲಿನ ಮೇಲಿಟ್ಟೆ. ಎಲ್ಲ ಅನಾಹುತಕ್ಕೂ ನಾನೇ ಹೀಗೆ ಜಾಗ ಮಾಡಿಕೊಟ್ಟೆ.

ಡಿಸೆಂಬರಿನ ಮೊದಲಲ್ಲಿ ಎಲೆ ಹಳದಿಯಾಗತೊಡಗಿತು. ಚಳಿಗೆ ಇರಬಹುದು ಎಂದುಕೊಂಡೆ. ಎಲೆ ಉದುರಿತು. ಬೆರಳು ತೂರಿಸಿದರೆ ಮಣ್ಣು ಕೆಸರು. ನೀರು ಅರ್ಧ ಮಾಡಿದೆ, ಮತ್ತೂ ಕೆಸರು. ಒಂದು ದಿನ ಪೂರ್ತಿ ನಿಲ್ಲಿಸಿದೆ, ಮಾರನೇ ದಿನವೂ ಕೆಸರು. ಜೊತೆಗೆ ಜಾಡಿಯ ಅಂಚಿನಲ್ಲಿ ಇರುವೆ ಸಾಲು. ಶ್ಯಾಮರಾಯರಲ್ಲಿಗೆ ಓಡಿದೆ.

"ಬೇರು ಕೊಳೀತಿದೆ. ನೀರು ಜಾಸ್ತಿ" ಎಂದರು.

"ನಾನು ಅಳತೆ ಮಾಡಿ ಹಾಕ್ತೀನಿ ಸಾರ್!"

"ಹಾಗಾದ್ರೆ ಇನ್ಯಾರೋ ಅಳತೆ ಇಲ್ದೆ ಹಾಕ್ತಿದಾರೆ."

ಮನೆಗೆ ಬಂದು ನಮ್ಮವರನ್ನು ವಿಚಾರಣೆಗೆ ನಿಲ್ಲಿಸಿದೆ. ಅವರು ಕನ್ನಡಕ ತೆಗೆದು, "ನಾನು ಕುಡಿಯೋ ನೀರೇ ನೀನು ತಂದುಕೊಡ್ಬೇಕು. ಗಿಡಕ್ಕೆ ನಾನು ಹಾಕ್ತೀನೇನೇ?" ಎಂದರು. ಅದು ನಿಜವಿತ್ತು, ಬಿಟ್ಟುಬಿಟ್ಟೆ.

ಅದಾಗಿ ನಾಲ್ಕು ದಿನಕ್ಕೆ ಯಾರೋ ಹಿರಿಯರು ತೀರಿಕೊಂಡರೆಂದು ಶಾಲೆಗೆ ಮಧ್ಯಾಹ್ನ ರಜೆ ಕೊಟ್ಟರು. ಮಂಗಳವಾರ. ಬೀಗದ ಕೈ ನನ್ನ ಹತ್ತಿರವೇ ಇದ್ದುದರಿಂದ ಸದ್ದಿಲ್ಲದೆ ಒಳಗೆ ಬಂದೆ. ಅತ್ತೆಯ ಹಾಸಿಗೆ ಖಾಲಿ. ಹಿಂದಿನ ಬಾಗಿಲು ತೆರೆದಿತ್ತು. ನೋಡುತ್ತೇನೆ, ಅಂಗಳದಲ್ಲಿ ಅತ್ತೆ ಸ್ಟೂಲನ್ನು ಸುತ್ತುತ್ತಿದ್ದಾರೆ! ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಚೊಂಬು. ಎಣಿಕೆ ತಪ್ಪದಿರಲೆಂದು ಸ್ಟೂಲಿನ ಅಂಚಿಗೆ ಅವರೆಕಾಳು ಗುಡ್ಡೆ ಹಾಕಿಕೊಂಡು, ಸುತ್ತಿಗೊಂದು ಕಾಳನ್ನು ಚೊಂಬು ಹಿಡಿದ ಕೈಯ ಕಿರುಬೆರಳಿನಿಂದಲೇ ಆ ಕಡೆಗೆ ಸರಿಸುತ್ತಿದ್ದಾರೆ. ಗಿಡದ ಬುಡಕ್ಕೆ ಅರಿಸಿನ, ಕುಂಕುಮ, ಅಕ್ಷತೆ. ನಾಲ್ಕು ಸುತ್ತಿಗೊಮ್ಮೆ ಚೊಂಬಿನಿಂದ ಧಾರಾಳವಾಗಿ ನೀರು. ಪಕ್ಕದ ಬಟ್ಟಲಿನಲ್ಲಿ ನಾನು ಬೆಳಗ್ಗೆ ಅವರಿಗೆಂದೇ ಕಾಯಿಸಿಟ್ಟು ಹೋಗಿದ್ದ ಹಾಲು. ಗಿಡವನ್ನು ಮಾತ್ರ ಮುಟ್ಟಿರಲಿಲ್ಲ. ಶನಿವಾರ ಅಲ್ಲವಲ್ಲ.

ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು ನೋಡಿದೆ. ನನ್ನ ಭುಜಕ್ಕೆ ಜೋತುಬಿದ್ದು ಮೂರು ಹೆಜ್ಜೆ ಇಡಲಾರೆ ಎನ್ನುತ್ತಿದ್ದವರು ಇವರೇ. ಹನ್ನೆರಡು ವರ್ಷದ ಗಿಡ ಕೊಳೆಯುತ್ತಿದೆ, ಅದೂ ಮತ್ತೆ ಅದೇ ಪ್ರದಕ್ಷಿಣೆಯಿಂದ, ನನ್ನ ತಲೆಯ ಮೇಲೆ ಅಷ್ಟು ವರ್ಷ ಕುಟ್ಟಿದ ಅದೇ ನೂರೆಂಟರಿಂದ. ಬಾಯಿಗೆ ಬಂದದ್ದು ಅಂದುಬಿಟ್ಟೆ.

"ನಲವತ್ತೆರಡು ವರ್ಷ ನನಗೆ! ಇನ್ನೂ ಏನು ಕೇಳ್ತಿದೀರಿ ಅದರ ಹತ್ರ? ನಾಚಿಕೆ ಆಗಲ್ವಾ? ನನ್ನದು ಅಂತ ಈ ಮನೇಲಿ ಇದ್ದದ್ದು ಅದೊಂದು. ಅದನ್ನೂ ಕೊಂದ್ರಲ್ಲ!"

ಅತ್ತೆ ನಿಂತರು. "ಇನ್ನು ಒಂಬತ್ತು ಸುತ್ತಿತ್ತು ಕಣೆ" ಎಂದರು, ಅಷ್ಟೇ.

ನಾನು ಗಿಡ ಎತ್ತಿಕೊಂಡು ತಾರಸಿ ಹತ್ತಿದೆ. ಅವತ್ತೇ, ಮಂಗಳವಾರವೇ, ಕತ್ತರಿ ತೆಗೆದು ಕೊಳೆತ ಬೇರನ್ನೆಲ್ಲ ಕತ್ತರಿಸಿ ಒಣ ಇಟ್ಟಿಗೆ ಪುಡಿಗೆ ಹಾಕಿದೆ. ಕೆಳಗಿನಿಂದ ಅತ್ತೆಗೆ ಕತ್ತರಿಯ ಸದ್ದು ಕೇಳಲಿ ಎಂದೇ ಜೋರಾಗಿ ಕತ್ತರಿಸಿದೆ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಮಾಡಿದ್ದು ಹಾಗೇ.

ಎರಡು ವಾರಕ್ಕೆ ಗಿಡದಲ್ಲಿ ಕೆಂಪು ಮೊಗ್ಗು ಕಾಣಿಸಿತು. ಶ್ಯಾಮರಾಯರು ಬಂದು ನೋಡಿ ಉಸಿರು ಬಿಟ್ಟರು. "ಬದುಕ್ತು. ಪ್ರದರ್ಶನಕ್ಕೆ ಎಲೆ ತುಂಬುತ್ತೆ. ಅಲ್ಲೀವರೆಗೂ ಕೆಳಗೆ ಇಳಿಸಬೇಡಿ. ಇನ್ನೊಂದು ಸಲ ನೆನೆದ್ರೆ ಹೋಯ್ತು, ನಾನೇನೂ ಮಾಡಕ್ಕಾಗಲ್ಲ" ಎಂದರು. ಪ್ರದರ್ಶನಕ್ಕೆ ಮೂರು ವಾರವಿತ್ತು.

ಕೆಳಗೆ ಅತ್ತೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನನ್ನ ಮೇಲಿನ ಹಟವೆಂದು ಮೊದಲು ಅಂದುಕೊಂಡೆ. ಆದರೆ ಅವರು ನಿಲ್ಲಲು ಹೋದರೆ ನಿಜವಾಗಿಯೂ ಕಾಲು ಮಡಚಿಕೊಳ್ಳುತ್ತಿತ್ತು. ಸ್ನಾನಕ್ಕೆ ಈಗ ನಾವಿಬ್ಬರೂ ಸೇರಿ ಎತ್ತಬೇಕಾಯಿತು. ಮಗನ ಎದುರಿಗೆ ಅವರು ಮುಖ ಮುಚ್ಚಿಕೊಳ್ಳುವರು. ಒಂದು ಬೆಳಗ್ಗೆ ನಮ್ಮವರು ಬೇಗ ಆಫೀಸಿಗೆ ಹೋಗಿದ್ದರು. ಒಬ್ಬಳೇ ಸ್ನಾನ ಮಾಡಿಸುವಾಗ ಸೋಪಿನ ಕೈಯಿಂದ ಅತ್ತೆ ಜಾರಿದರು. ಹೇಗೋ ತಬ್ಬಿ ಹಿಡಿದು ಇಬ್ಬರೂ ಒದ್ದೆ ನೆಲದ ಮೇಲೆ ಕೂತುಬಿಟ್ಟೆವು. ಅವರ ತೊಡೆ ನನ್ನ ತೋಳಿನಷ್ಟು ಸಣ್ಣಗಾಗಿತ್ತು. ಮೂರು ವಾರದ ಹಿಂದೆ ಇದೇ ಕಾಲಿನಲ್ಲಿ ನೂರೆಂಟಕ್ಕೆ ಒಂಬತ್ತು ಕಡಿಮೆ ಸುತ್ತಿದ್ದರಲ್ಲ ಎನ್ನುವುದು ಆಗ ನನ್ನ ತಲೆಗೆ ಹೊಳೆಯಿತು. ಡಾಕ್ಟರು, ನಾನು, ಮಗ, ಮೂವರೂ ಹೇಳಿ ನಡೆಸಲಾಗದವರನ್ನು ಆ ಗಿಡ ನಡೆಸಿತ್ತು. ಅದನ್ನು ಹೊತ್ತು ತಾರಸಿಯ ಮೇಲಿಟ್ಟದ್ದು ನಾನು.

ಗಿಡವನ್ನು ಇಳಿಸಿದೆ. ದೊಡ್ಡ ಮನಸ್ಸಿನಿಂದ ಇಳಿಸಿದೆ ಎಂದು ತಿಳಿಯಬೇಡಿ. ಅಳುತ್ತಲೇ, ಬೈಯುತ್ತಲೇ ಇಳಿಸಿದೆ. ಪ್ರದರ್ಶನ ಹೋಯಿತು ಎಂದು ಒಂದೊಂದು ಮೆಟ್ಟಿಲಿಗೂ ಗೊತ್ತಾಗುತ್ತಿತ್ತು. ಸ್ಟೂಲಿನ ಮೇಲಿಟ್ಟು ಅತ್ತೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ.

"ಸುತ್ತಿ. ಆದ್ರೆ ನನ್ನ ಮಾತು ಕೇಳ್ಬೇಕು. ಹಾಲು ಹಾಕ್ಬೇಡಿ. ಅರಿಸಿನ ಕುಂಕುಮ ಜಾಡಿಗೆ ಇಡಿ, ಮಣ್ಣಿಗೆ ಬೇಡ. ನೀರು ಉದ್ಧರಣೆಯಲ್ಲಿ ಹಾಕಿ." ಉದ್ಧರಣೆ ಎಂದರೆ ತೀರ್ಥ ಕೊಡುವ ಚಮಚ ನೋಡಿ, ಪೂಜೆಯ ಪೆಟ್ಟಿಗೆಯಿಂದ ಅದನ್ನೇ ತಂದು ಕೈಗೆ ಕೊಟ್ಟೆ.

"ಸುತ್ತಿಗೊಂದಾ?"

"ದಿನಕ್ಕೆ ಇಪ್ಪತ್ತು."

"ನೂರೆಂಟು ಸುತ್ತಿಗೆ ಇಪ್ಪತ್ತು ಉದ್ಧರಣೆ ನೀರಾ? ಅಶ್ವತ್ಥನಾರಾಯಣ ಏನು ಗುಬ್ಬಚ್ಚೀನೇನೇ?"

"ಇಪ್ಪತ್ತನಾಲ್ಕು. ಅದರ ಮೇಲೆ ಒಂದು ತೊಟ್ಟಿಲ್ಲ."

ಅತ್ತೆ ಒಪ್ಪಿದರು. ಆಮೇಲೆ ಗೋಡೆ ಹಿಡಿದುಕೊಂಡೇ ನನ್ನ ಕಡೆ ನೋಡದೆ ಹೇಳಿದರು. "ಅವತ್ತು ಏನೇನೋ ಅಂದ್ಯಲ್ಲ. ಮಗು ಕೇಳೋದು ಬಿಟ್ಟು ಯಾವ ಕಾಲವಾಯ್ತು. ನನಗೂ ಬುದ್ಧಿ ಇದೆ. ನಾನು ಕೇಳ್ತಿದ್ದದ್ದು ಕಾಲು. ನಿನ್ನ ಕೈಲಿ ಮೈ ತೊಳಿಸ್ಕೊಳ್ಳೋದು ತಪ್ಪಲಿ ಅಂತ. ನೀನೂ ಎಷ್ಟೂಂತ ಮಾಡ್ತೀಯಾ, ನಿನ್ನ ಮುಖ ನೋಡೋಕಾಗಲ್ಲ ಕಣೆ ನನಗೆ ಬೆಳಗ್ಗೆ ಹೊತ್ತು."

ಮೊಣಕೈ ಹಿಡಿದುಕೊಂಡು ಅವತ್ತು ಆರು ಸುತ್ತು ಜೊತೆಗೆ ಸುತ್ತಿದೆ. ಮಾರನೇ ದಿನ ಹನ್ನೊಂದು.

ಗಿಡ ಪ್ರದರ್ಶನಕ್ಕೆ ಹೋಗಲಿಲ್ಲ. ಕೊಳೆತ ಬೇರಿನ ಕಡೆಯ ದೊಡ್ಡ ಕೊಂಬೆ ಒಣಗಿಯೇ ಹೋಯಿತು, ಮರ ಒಂದು ಪಕ್ಕಕ್ಕೆ ಬೋಳಾಯಿತು. ಶ್ಯಾಮರಾಯರು ಬಂದು ನೋಡಿ, ಅಂಗಳದಲ್ಲಿ ಅವರೆಕಾಳು ಸರಿಸುತ್ತಿದ್ದ ಅತ್ತೆಯನ್ನೂ ನೋಡಿ, ಬೈಯಲೆಂದು ತೆರೆದ ಬಾಯಿಯಲ್ಲೇ ಕಾಫಿ ಕೇಳಿದರು. ನನಗೆ ಮಾತ್ರ ಸಂಕಟವಾಗಿತ್ತು, ಇಲ್ಲವೆನ್ನುವುದಿಲ್ಲ. ಹನ್ನೆರಡು ವರ್ಷ ಕಾದವಳಿಗೆ ಇನ್ನು ಹನ್ನೆರಡು ವರ್ಷ ಕಾಯಿರಿ ಎಂದರೆ ಹೇಗೆ.

ಪ್ರದರ್ಶನದ ಕೊನೆಯ ಭಾನುವಾರ ನಮ್ಮವರು, "ಬೇರೆಯವರ ಗಿಡ ಆದ್ರೂ ನೋಡ್ಕೊಂಡು ಬರೋಣ ಬಾ" ಎಂದು ಬಲವಂತ ಮಾಡಿದರು. ಒಳ್ಳೆಯ ಸೀರೆ ಉಟ್ಟೆ. ಹೊರಡುವ ಮೊದಲು ಅತ್ತೆಗೆ ಸ್ನಾನ ಮಾಡಿಸಬೇಕಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಣೆಗೆ ಹೋದರೆ ಹಾಸಿಗೆಯಲ್ಲಿಲ್ಲ, ಅಂಗಳದಲ್ಲೂ ಇಲ್ಲ. ಬಚ್ಚಲ ಬಾಗಿಲು ಹಾಕಿತ್ತು. ತಳ್ಳಿದೆ, ಒಳಗಿನಿಂದ ಚಿಲಕ. ಬಾಗಿಲು ದಬದಬ ಬಡಿದೆ.

"ಅತ್ತೇ! ಅತ್ತೇ, ಬಿದ್ರಾ? ಚಿಲಕ ತೆಗೀರಿ!"

"ಬಡೀಬೇಡ್ವೇ!" ಒಳಗಿನಿಂದ ಅತ್ತೆ ಗದರಿದರು. "ಬಟ್ಟೆ ಬಿಚ್ಚಿದೀನಿ, ತಗೀತೀನಾ? ಬಚ್ಚಲ ಸ್ಟೂಲಿಟ್ಕೊಂಡು ಕೂತಿದೀನಿ. ನಾನೇ ಮಾಡ್ಕೋತೀನಿ, ಹೋಗು ನೀನು."

ಹೋಗಲಿಲ್ಲ. ಅಲ್ಲೇ ಹೊರಗೆ ನೆಲದ ಮೇಲೆ ಕೂತೆ. ಒಳಗೆ ಒಂದೊಂದೇ ಚೊಂಬು ನೀರು ಮೈಮೇಲೆ ಬೀಳುವ ಸದ್ದು, ನಡುವೆ ಅವರು ಏದುಸಿರು ಬಿಡುವುದು, ಮತ್ತೆ ನೀರು. ಬಹಳ ಹೊತ್ತು ಹಿಡಿಯಿತು. ಕೊನೆಗೆ ಅವರು ಸೀರೆಯನ್ನು ಹೇಗೋ ಸುತ್ತಿಕೊಂಡು, ಕೋಲೂರಿಕೊಂಡು, ತಾವೇ ಚಿಲಕ ತೆಗೆದು ಹೊರಗೆ ಬಂದರು. ನನ್ನನ್ನು ದಾಟಿಕೊಂಡು ದೇವರ ಮನೆಗೆ ಹೋದರು. ಮೈಯಿಂದ ಬಿಸಿನೀರಿನ ಆವಿ ಏಳುತ್ತಿತ್ತು.

ನಮ್ಮವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ಹೊರಡೋಣ್ವಾ?" ಎಂದರು. ನನಗೆ ಏಳಲಾಗಲಿಲ್ಲ. ಎಂಟು ತಿಂಗಳ ಆಯಾಸ ಒಂದೇ ಸಲಕ್ಕೆ ಕಾಲಿಗೆ ಇಳಿದಿತ್ತು. "ನೀವು ಹೋಗ್ಬನ್ನಿ" ಎಂದು, ಒಳ್ಳೆಯ ಸೀರೆಯಲ್ಲೇ, ನಡುಮನೆಯ ಬರೀ ಚಾಪೆಯ ಮೇಲೆ ಉರುಳಿದೆ. ಕಣ್ಣು ಬಿಟ್ಟಾಗ ಬಿಸಿಲು ಅಂಗಳದ ಆ ಕಡೆಯ ಗೋಡೆಗೆ ಹೋಗಿತ್ತು. ಕೋಲಿನ ಟಕ್ ಟಕ್ ಸದ್ದು ಸ್ಟೂಲಿನ ಸುತ್ತ ನಿಧಾನವಾಗಿ ತಿರುಗುತ್ತಿತ್ತು. ಧಡಕ್ಕನೆ ಎದ್ದು ಕೂತೆ. ಹನ್ನೆರಡು ವರ್ಷದಲ್ಲಿ ಮೊದಲ ಸಲ ನೀರು ನೋಡುವುದನ್ನು ಮರೆತಿದ್ದೆ.

"ಅತ್ತೆ, ಗಿಡಕ್ಕೆ ನೀರು..."

"ಆಯ್ತು, ಇಪ್ಪತ್ತನಾಲ್ಕೇ ಹಾಕಿದೀನಿ. ನೀನು ಇನ್ನೂ ಸ್ವಲ್ಪ ಹೊತ್ತು ಮಲಕ್ಕೋ" ಎಂದರು.

ಮಲಗಿದೆ.